ಸಮುರಾಯ್‌ನನ್ನು ಕೊನೆಗೂ ಗೆಲ್ಲಿಸುವುದು ಹೇಗೆ: ನೆಟ್‌ಹ್ಯಾಕ್ ಆಡುವವರಿಗೊಂದು ಮಾರ್ಗದರ್ಶಿ

ನನ್ನ ಸಮುರಾಯ್‌ಗಳಲ್ಲಿ ಹಸಿವಿನಿಂದ ಸತ್ತವರು ಕಡಿಮೆ, ಕೈಲಾಗದೆ ಸತ್ತವರು ಇನ್ನೂ ಕಡಿಮೆ. ಬಹುತೇಕರು ಸತ್ತದ್ದು ಆಟ ಚೆನ್ನಾಗಿ ನಡೆಯುತ್ತಿದ್ದಾಗಲೇ. ಒಬ್ಬ ದಾರಿಗೆ ಅಡ್ಡ ಬಂದದ್ದನ್ನೆಲ್ಲ ಎರಡೇ ಏಟಿಗೆ ಕತ್ತರಿಸುತ್ತ ಎಂಟನೇ ಅಂತಸ್ತಿಗೆ ಇಳಿದು, ದೊಡ್ಡ ಕೋಣೆಯ ನಟ್ಟನಡುವೆ ಸೈನಿಕ ಇರುವೆಗಳಿಗೆ ಸಿಕ್ಕಿಬಿದ್ದ. ಇನ್ನೊಬ್ಬ ಸುಮ್ಮನೆ ತೇಲುತ್ತಿದ್ದ ನೀಲಿ ಕಣ್ಣೊಂದಕ್ಕೆ ಕತ್ತಿ ಬೀಸಿ ಮರಗಟ್ಟಿ ನಿಂತ. ಹಿಂದಿನಿಂದ ಬಂದ ಇಲಿಯೊಂದು ಅವನನ್ನು ನಿಧಾನವಾಗಿ ಮುಗಿಸಿತು. ವರ್ಷಗಟ್ಟಲೆ ಹೀಗೇ ನಡೆದ ಮೇಲೆ ನನಗೆ ಹೊಳೆದದ್ದು ಇಷ್ಟು: ಸಮುರಾಯ್‌ಗೆ ಶತ್ರು ಅವನ ಬಲವೇ. ಅವನು ಆರಂಭದಲ್ಲೇ ಎಷ್ಟು ಗಟ್ಟಿಗನೆಂದರೆ, ಆಡುವವರು ಅವನ ಸಿದ್ಧತೆಗೆ ಮೀರಿದ ಆಳಕ್ಕೆ ತಿಳಿಯದೆಯೇ ಇಳಿದುಬಿಡುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೊಡೆಯುವುದಕ್ಕಿಂತ ನಿಲ್ಲುವುದರ ಬಗ್ಗೆಯೇ ಹೆಚ್ಚು ಹೇಳಿದ್ದೇನೆ.

ನೆಟ್‌ಹ್ಯಾಕ್ ಪರಿಚಯವಿಲ್ಲದವರಿಗೆ ಎರಡು ಮಾತು. 1987ರಲ್ಲಿ ಮೊದಲು ಬಿಡುಗಡೆಯಾದ, ಇಂದಿಗೂ ಉಚಿತವಾಗಿ ಸಿಗುವ ಆಟವಿದು. ಪರದೆಯ ಮೇಲೆ ಅಕ್ಷರಗಳು, ಚಿಹ್ನೆಗಳು ಅಷ್ಟೇ. ನೀವು @ ಚಿಹ್ನೆ. ಪ್ರತಿ ಆಟದಲ್ಲೂ ಅಂತಸ್ತುಗಳು ಹೊಸದಾಗಿ ಹುಟ್ಟುತ್ತವೆ, ಸತ್ತರೆ ಮತ್ತೆ ಮೊದಲಿನಿಂದ ಶುರು. ಹದಿಮೂರು ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು ಪಾತಾಳದ ತಳದಲ್ಲಿರುವ ಯೆಂಡೋರ್‌ನ ತಾಯಿತವನ್ನು ತೆಗೆದುಕೊಂಡು, ಅಷ್ಟೂ ಅಂತಸ್ತುಗಳನ್ನು ಮತ್ತೆ ಹತ್ತಿ, ನಿಮ್ಮ ದೇವರಿಗೆ ಅರ್ಪಿಸಿದರೆ ಗೆಲುವು. ಮುಂದೆ ಹೇಳುವುದೆಲ್ಲ 3.6 ಸರಣಿಯ ಆವೃತ್ತಿಗಳಿಗೆ ಸಂಬಂಧಿಸಿದ್ದು. ಹಳೆಯ ಮತ್ತು ಹೊಸ ಆವೃತ್ತಿಗಳಲ್ಲಿ ಕೆಲವು ಲೆಕ್ಕಗಳು ಬೇರೆ.

ಮೊದಲ ಸರದಿಗೂ ಮುನ್ನ: ಬಿಲ್ಲನ್ನು ಕೈಗೆಟುಕುವಂತೆ ಇಡಿ

ಸಮುರಾಯ್ ಕೈಯಲ್ಲಿ ಕಟಾನಾ, ಜೊತೆಗೆ ವಾಕಿಜಾಶಿ ಎಂಬ ಗಿಡ್ಡ ಕತ್ತಿ, ಯುಮಿ ಎಂಬ ಬಿಲ್ಲು, ಯಾ ಎಂಬ ಬಾಣಗಳ ದೊಡ್ಡ ಕಟ್ಟು, ಮೈಮೇಲೆ ಸ್ಪ್ಲಿಂಟ್ ಕವಚ. ರಕ್ಷಣಾಂಕ 4ರಿಂದ ಶುರು. ಈ ಅಂಕ ಇಳಿದಷ್ಟೂ ಒಳ್ಳೆಯದು. ಕವಚವಿಲ್ಲದವರದು 10, ಅಂದರೆ ನೀವು ಆಗಲೇ ಬಹಳ ಮುಂದಿದ್ದೀರಿ. ಹುಟ್ಟಿನಿಂದಲೇ ವೇಗವೂ ಇದೆ: ಸಾಮಾನ್ಯರು ಮೂರು ಹೆಜ್ಜೆ ಇಡುವಷ್ಟರಲ್ಲಿ ಸಮುರಾಯ್ ಸರಾಸರಿ ನಾಲ್ಕು ಹೆಜ್ಜೆ ಇಡುತ್ತಾನೆ. ಊಟದ ಗಂಟು ಮಾತ್ರ ಇಲ್ಲ. ಪಕ್ಕದಲ್ಲಿ ಹಾಚಿ ಎಂಬ ನಾಯಿಮರಿ. ಆಟದ ಮೂಲ ಕೋಡ್‌ನಲ್ಲಿ ಈ ಹೆಸರಿನ ಪಕ್ಕದಲ್ಲಿ ಶಿಬುಯಾ ನಿಲ್ದಾಣ ಎಂದು ಪುಟ್ಟ ಟಿಪ್ಪಣಿಯಿದೆ. ಒಡೆಯನಿಗಾಗಿ ರೈಲು ನಿಲ್ದಾಣದಲ್ಲಿ ವರ್ಷಗಟ್ಟಲೆ ಕಾದ ಆ ನಾಯಿಯ ಕಥೆ ಗೊತ್ತಿದ್ದವರಿಗೆ ಹಾಚಿಯನ್ನು ಮೇಲಿನ ಅಂತಸ್ತಿನಲ್ಲಿ ಬಿಟ್ಟು ಇಳಿಯುವುದು ಪ್ರತಿ ಸಲವೂ ಕಷ್ಟವೇ.

ಹೊಸಬರು ಕಟಾನಾ ಹಿಡಿದು ನುಗ್ಗುತ್ತಾರೆ, ಬಿಲ್ಲು ಚೀಲದಲ್ಲೇ ಕೊಳೆಯುತ್ತದೆ. ನಾನೂ ಹಾಗೇ ಆಡುತ್ತಿದ್ದೆ. ಈಗ ಆಟ ತೆರೆದ ಕೂಡಲೇ ಒಂದು ಸಣ್ಣ ಕೆಲಸ ಮಾಡುತ್ತೇನೆ. ಎಕ್ಸ್ ಕೀಲಿ ಒತ್ತುತ್ತೇನೆ. ಗಿಡ್ಡ ಕತ್ತಿ ಕೈಗೆ ಬಂದು ಕಟಾನಾ ಬದಲಿ ಆಯುಧದ ಜಾಗಕ್ಕೆ ಹೋಗುತ್ತದೆ. ಆಮೇಲೆ ಡಬ್ಲ್ಯೂ ಒತ್ತಿ ಯುಮಿ ಆರಿಸುತ್ತೇನೆ. ಈಗ ಕೈಯಲ್ಲಿ ಬಿಲ್ಲು, ಬದಲಿಯಾಗಿ ಕಟಾನಾ. ಮುಂದೆ ಎಕ್ಸ್ ಒತ್ತಿದಾಗಲೆಲ್ಲ ಒಂದೇ ಸರದಿಯಲ್ಲಿ ಇವೆರಡೂ ಅದಲುಬದಲಾಗುತ್ತವೆ. ದೂರದಲ್ಲಿ ಏನಾದರೂ ಕಂಡರೆ ಎಫ್ ಒತ್ತಿ ದಿಕ್ಕು ಕೊಟ್ಟು ಬಾಣ ಬಿಡಿ. ಪಕ್ಕಕ್ಕೆ ಬಂದಾಗ ಎಕ್ಸ್ ಒತ್ತಿ ಕತ್ತಿ ಹಿಡಿಯಿರಿ. ಯುಮಿಯಿಂದ ಯಾ ಬಿಡುವಾಗ ಸಮುರಾಯ್‌ಗೆ ವಿಶೇಷ ಅನುಕೂಲವಿದೆ, ಒಂದೇ ಸರದಿಯಲ್ಲಿ ಎರಡು ಬಾಣ ಹಾರುವುದುಂಟು. ಬಿಲ್ಲಿನ ಕೌಶಲ ಬೆಳೆದಂತೆ ಇನ್ನೂ ಹೆಚ್ಚು. ಕೌಶಲ ತಾನಾಗಿ ಏರುವುದಿಲ್ಲ ಎಂಬುದನ್ನು ನೆನಪಿಡಿ: ಆತ್ಮವಿಶ್ವಾಸ ಹೆಚ್ಚಾಯಿತು ಎಂಬ ಸಂದೇಶ ಬಂದ ಮೇಲೆ ಎನ್‌ಹಾನ್ಸ್ ಆದೇಶ ಕೊಟ್ಟು ನೀವೇ ಏರಿಸಬೇಕು. ಈ ಆದೇಶದ ಪರಿಚಯವಿಲ್ಲದೆ ನಾನು ಕಳೆದ ಕಾಲವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಿಟ್ಟ ಬಾಣಗಳನ್ನು ಹೆಕ್ಕಿಕೊಳ್ಳಿ. ಕೆಲವು ಮುರಿಯುತ್ತವೆ, ಉಳಿದವು ಬಿದ್ದಲ್ಲೇ ಇರುತ್ತವೆ. ಎರಡು ಕೈಗೆ ಎರಡು ಕತ್ತಿ ಹಿಡಿದು ಹೋರಾಡುವ ವಿದ್ಯೆಯೂ ಸಮುರಾಯ್‌ಗೆ ಚೆನ್ನಾಗಿ ಒಲಿಯುತ್ತದೆ. ಆದರೆ ಆಗ ಬದಲಿ ಜಾಗದಲ್ಲಿ ಬಿಲ್ಲಿಗೆ ಎಡೆಯಿಲ್ಲ. ಮೊದಲ ಹತ್ತು ಅಂತಸ್ತುಗಳಲ್ಲಿ ನನ್ನ ಓಟು ಬಿಲ್ಲಿಗೇ.

ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಯಿರಿ

ಮೂರನೇ ಅಂತಸ್ತಿನಲ್ಲಿ ದೊಡ್ಡ ಕೋಣೆಯ ಬಾಗಿಲು ತೆರೆದಿರಿ, ಒಳಗೆ ನಾಲ್ಕು ನರಿಗಳು. ಒಳಗೆ ನುಗ್ಗಿದರೆ ನಾಲ್ಕೂ ಸುತ್ತುವರಿದು ಕಚ್ಚುತ್ತವೆ. ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಓಣಿಯಲ್ಲಿ ನಿಲ್ಲಿ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅವು ಸಾಲಾಗಿ ಬಂದೇ ಬರುತ್ತವೆ. ಸಾಲು ಎಂದರೆ ಬಾಣಕ್ಕೆ ಹಬ್ಬ, ಮೊದಲನೆಯದಕ್ಕೆ ತಪ್ಪಿದ ಬಾಣ ಹಿಂದಿನದಕ್ಕೆ ತಾಗಬಹುದು. ಬಯಲಿನಲ್ಲಿ ನಿಂತವನಿಗೆ ಎಂಟು ದಿಕ್ಕಿನಿಂದ ಏಟು, ಓಣಿಯಲ್ಲಿ ನಿಂತವನಿಗೆ ಒಂದೇ ದಿಕ್ಕಿನಿಂದ. ಇದೊಂದೇ ಅಭ್ಯಾಸ ನನ್ನ ಸಮುರಾಯ್‌ಗಳ ಆಯುಸ್ಸನ್ನು ದುಪ್ಪಟ್ಟು ಮಾಡಿತು ಎಂದರೆ ಅತಿಶಯವಲ್ಲ.

ಓಡಿ ಪಾರಾಗಬಹುದು ಎಂಬ ನಂಬಿಕೆ ಬೇಡ. ಸಾಮಾನ್ಯರ ವೇಗ 12, ನಿಮ್ಮದು ಸರಾಸರಿ 16. ಸೈನಿಕ ಇರುವೆಯದು 18. ಅದಕ್ಕೆ ಬೆನ್ನು ತೋರಿಸಿದರೆ ಬೆನ್ನಿಗೇ ಕಡಿತ. ಮೆಟ್ಟಿಲ ಮೇಲೆ ನಿಂತು ಹೋರಾಡುವುದು ಉತ್ತಮ: ಏರಿದರೆ ಅಥವಾ ಇಳಿದರೆ ಪಕ್ಕದಲ್ಲಿದ್ದವು ಮಾತ್ರ ಹಿಂಬಾಲಿಸಿ ಬರುತ್ತವೆ, ಉಳಿದ ಗುಂಪು ಅಲ್ಲೇ ಉಳಿಯುತ್ತದೆ.

ಇನ್ನು ಪ್ರಾರ್ಥನೆ. ನಿಮ್ಮ ಜೀವಾಂಶ ಪೂರ್ಣ ಮಟ್ಟದ ಏಳನೇ ಒಂದು ಭಾಗಕ್ಕಿಂತ ಕೆಳಗಿಳಿದರೆ, ಅಥವಾ 6ಕ್ಕಿಂತ ಕಡಿಮೆಯಾದರೆ, ದೇವರು ಅದನ್ನು ನಿಜವಾದ ಸಂಕಟವೆಂದು ಒಪ್ಪುತ್ತಾನೆ. ಹಸಿವಿನಿಂದ ನಿತ್ರಾಣವಾದಾಗಲೂ ಅಷ್ಟೇ. ಆಟ ಶುರುವಾಗಿ 300 ಸರದಿ ಕಳೆದ ಮೇಲೆ ಮೊದಲ ಪ್ರಾರ್ಥನೆ ಸಾಮಾನ್ಯವಾಗಿ ಫಲಿಸುತ್ತದೆ; ಆಮೇಲೆ ಪ್ರತಿ ಪ್ರಾರ್ಥನೆಯ ನಡುವೆ ಸುಮಾರು 1000 ಸರದಿ ಬಿಟ್ಟರೆ ಚಿಂತೆಯಿಲ್ಲ. ನಾನು ಪ್ರಾರ್ಥಿಸಿದ ಸರದಿಯ ಸಂಖ್ಯೆಯನ್ನು ಪಕ್ಕದ ಕಾಗದದಲ್ಲಿ ಬರೆದಿಡುತ್ತೇನೆ. ನೆನಪಿನಲ್ಲಿರುತ್ತದೆ ಎಂದು ನಂಬಿ ಸತ್ತವನು ನಾನು.

ನೆಲದ ಮೇಲೆ ಎಲ್ಬೆರೆತ್ ಎಂಬ ಪದ ಗೀಚಿ ಅದರ ಮೇಲೆ ನಿಂತರೆ ಹೆಚ್ಚಿನ ಪ್ರಾಣಿಗಳು ಹೆದರಿ ದೂರ ಸರಿಯುತ್ತವೆ. @ ಚಿಹ್ನೆಯ ಮನುಷ್ಯರು ಮತ್ತು ಮಿನೋಟಾರ್‌ಗಳು ಮಾತ್ರ ಕ್ಯಾರೇ ಎನ್ನುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಅದರ ಮೇಲೆ ನಿಂತು ಬಾಣ ಬಿಡುವುದು ಸಮುರಾಯ್‌ಗಳ ನೆಚ್ಚಿನ ತಂತ್ರವಾಗಿತ್ತು. 3.6ರಲ್ಲಿ ಅದರ ಮೇಲೆ ನಿಂತು ಕತ್ತಿ ಬೀಸಿದರೂ ಬಾಣ ಬಿಟ್ಟರೂ ಬರಹ ಅಳಿಸಿಹೋಗುತ್ತದೆ. ಆದ್ದರಿಂದ ಅದು ಈಗ ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ.

ಮುಟ್ಟಬಾರದವು

ಪಟ್ಟಿ ಉದ್ದವಿದೆ, ಆದರೆ ಸಮುರಾಯ್‌ಗಳನ್ನು ನಿಜವಾಗಿ ಕೊಲ್ಲುವವು ಎರಡು. ನೀಲಿ ಬಣ್ಣದ ಸಣ್ಣ ಇ ಅಕ್ಷರ ತೇಲುಗಣ್ಣು. ಅದು ತಾನಾಗಿ ಯಾರನ್ನೂ ಹೊಡೆಯುವುದಿಲ್ಲ, ನೀವು ಕತ್ತಿಯಿಂದ ಹೊಡೆದರೆ ಮರಗಟ್ಟಿ ಹೋಗುತ್ತೀರಿ. ಅದರ ವೇಗ 1. ದೂರ ನಿಂತು ಬಾಣದಿಂದ ಕೊಂದು, ಕೂಡಲೇ ಆ ಶವವನ್ನು ತಿನ್ನಿ. ಕಣ್ಣು ಕಟ್ಟಿಕೊಂಡಾಗ ಅಂತಸ್ತಿನಲ್ಲಿರುವ ಬುದ್ಧಿಯುಳ್ಳ ಜೀವಿಗಳೆಲ್ಲ ಕಾಣುವ ಶಕ್ತಿ ಬರುತ್ತದೆ. ಬಿಲ್ಲು ಇಲ್ಲದ ಪಾತ್ರಗಳು ಇದಕ್ಕಾಗಿ ಪಡುವ ಪಾಡು ನೋಡಿದರೆ ಸಮುರಾಯ್ ಅದೃಷ್ಟವಂತ.

ಎರಡನೆಯದು ಹಳದಿ ಸಿ ಅಕ್ಷರದ ಕಾಕಟ್ರೈಸ್. ಬರಿಗೈಯಲ್ಲಿ ಮುಟ್ಟಿದರೆ ಆ ಕ್ಷಣವೇ ಕಲ್ಲು. ಅದು ಬುಸುಗುಟ್ಟಿದ ಮೇಲೆ ಕೈಕಾಲು ಬಿಗಿಯುತ್ತಿದೆ ಎಂಬ ಸಂದೇಶ ಬಂದರೆ ಹಲ್ಲಿಯ ಶವ ತಿನ್ನಿ, ಇಲ್ಲವಾದರೆ ಪ್ರಾರ್ಥಿಸಿ. ಕೆಲವೇ ಸರದಿಗಳ ಅವಕಾಶ ಇರುತ್ತದೆ. ಸಮುರಾಯ್‌ಗೆ ಬರಿಗೈ ಕಾಳಗವೂ ಚೆನ್ನಾಗಿ ಬರುತ್ತದೆ ಎಂಬುದೇ ಇಲ್ಲಿನ ಅಪಾಯ. ಆಯುಧವಿಲ್ಲದೆ ಹೋರಾಡುವ ಚಟ ಹತ್ತಿಸಿಕೊಂಡವರು ಒಂದು ದಿನ ಇದಕ್ಕೂ ಕೈ ಹಾಕುತ್ತಾರೆ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಈಗಷ್ಟೇ ಕೊಂದದ್ದನ್ನು ತಿನ್ನಿ, ಹಳೆಯ ಶವ ಮುಟ್ಟಬೇಡಿ. ನಾಯಿ, ಬೆಕ್ಕು, ಮನುಷ್ಯರ ಶವ ಬೇಡ. ಲೈಕನ್ ಎಂಬ ಪಾಚಿಯಂಥ ಜೀವಿಯ ಮತ್ತು ಹಲ್ಲಿಯ ಶವ ಎಂದೂ ಕೊಳೆಯುವುದಿಲ್ಲ. ಹಲ್ಲಿಯನ್ನು ತಿನ್ನದೆ ಇಟ್ಟುಕೊಳ್ಳಿ, ಕಾರಣ ಮೇಲೆ ಹೇಳಿದೆ. ಪೊಟ್ಟಣದ ಆಹಾರ ಸಮುರಾಯ್ ಕಣ್ಣಿಗೆ ಗುನ್ಯೋಕಿ ಎಂಬ ಹೆಸರಿನಲ್ಲಿ ಕಾಣುತ್ತದೆ. ಇನ್ನೂ ಹಲವು ವಸ್ತುಗಳಿಗೆ ಜಪಾನಿ ಹೆಸರುಗಳಿವೆ, ಕಬುಟೋ ಎಂದರೆ ಶಿರಸ್ತ್ರಾಣ, ಒಸಾಕು ಎಂದರೆ ಬೀಗ ತೆರೆಯುವ ಕಡ್ಡಿ. ಹೊಸ ವಸ್ತು ಸಿಕ್ಕಿತೆಂದು ಗಾಬರಿಯಾಗಬೇಡಿ.

ಗಣಿ, ಪೇಟೆ, ಮತ್ತು ಏಳು ಮೇಣದ ಬತ್ತಿ

2ರಿಂದ 4ನೇ ಅಂತಸ್ತಿನ ನಡುವೆ ಕೆಳಕ್ಕೆ ಹೋಗುವ ಎರಡನೇ ಮೆಟ್ಟಿಲು ಕಂಡರೆ ಅದು ಕುಬ್ಜರ ಗಣಿಗೆ ದಾರಿ. ನೋಮ್‌ಗಳು ನಿಮ್ಮ ಮೇಲೆ ಬೀಳುತ್ತವೆ, ಅವು ಲೆಕ್ಕಕ್ಕಿಲ್ಲ. ಕೆಂಪು ಎಚ್ ಅಕ್ಷರದ ಡ್ವಾರ್ಫ್ ಮಾತ್ರ ಲೆಕ್ಕಕ್ಕಿದೆ: ಎರಡು ಕೈಯ ಗುದ್ದಲಿ ಹಿಡಿದಿದ್ದರೆ ಒಂದು ಏಟಿಗೆ 20 ಅಂಕದವರೆಗೆ ಕಳೆಯಬಲ್ಲದು, ಮತ್ತು ಆಗ ನಿಮ್ಮ ಒಟ್ಟು ಜೀವಾಂಶವೇ ಹದಿನೈದೋ ಇಪ್ಪತ್ತೋ. ಕಂಡ ಕೂಡಲೇ ಬಾಣ. ಸತ್ತವನ ಬಳಿ ಕಬ್ಬಿಣದ ಟೊಪ್ಪಿಗೆ ಮತ್ತು ಕಬ್ಬಿಣದ ಬೂಟು ಇದ್ದರೆ ತೊಟ್ಟುಕೊಳ್ಳಿ, ಒಂದೊಂದಕ್ಕೂ ಎರಡು ಅಂಕ. 4ರಿಂದ ಶುರುವಾದ ರಕ್ಷಣಾಂಕ ಹೀಗೆ 0ಗೆ ಇಳಿಯುತ್ತದೆ. ಪಿಕಾಸಿ ಸಿಕ್ಕರೆ ಇಟ್ಟುಕೊಳ್ಳಿ, ಅಂಗಡಿಗೆ ಹೋಗುವಾಗ ಹೊರಗಿಟ್ಟು ಹೋಗಿ.

ಇಲ್ಲೊಂದು ಎಚ್ಚರಿಕೆ. ಸಮುರಾಯ್ ಧರ್ಮಮಾರ್ಗಿ, ಡ್ವಾರ್ಫ್‌ಗಳದೂ ಅದೇ ಪಕ್ಷ. ಹಾಗಾಗಿ ಕೆಲವರು ನಿಮ್ಮೊಡನೆ ಶಾಂತವಾಗಿರುತ್ತಾರೆ. ಅವರತ್ತ ನಡೆದರೆ ನಿಜವಾಗಿ ಹೊಡೆಯಬೇಕೇ ಎಂದು ಆಟ ಕೇಳುತ್ತದೆ. ಬೇಡ ಎನ್ನಿ. ಪಿಕಾಸಿಯ ಆಸೆಗೆ ಹೌದು ಎಂದರೆ ನಿರಪರಾಧಿಯ ಮೇಲೆ ಕೈ ಮಾಡಿದ ಅಪಕೀರ್ತಿ ಸಮುರಾಯ್‌ಗೆ ಅಂಟುತ್ತದೆ. ಕೊಂದರೆ ಅದೃಷ್ಟ ಐದು ಅಂಕ ಕುಸಿಯುತ್ತದೆ. ಅದೃಷ್ಟ ಸೊನ್ನೆಗಿಂತ ಕೆಳಗಿರುವಾಗ ಯಾವ ಪ್ರಾರ್ಥನೆಯೂ ಫಲಿಸುವುದಿಲ್ಲ. ನನ್ನ ಒಬ್ಬ ಸಮುರಾಯ್ ಹೀಗೇ ಪಿಕಾಸಿ ಗಳಿಸಿ, ನೂರು ಸರದಿಯ ನಂತರ ಸಂಕಟದಲ್ಲಿ ಕೈ ಮುಗಿದಾಗ ದೇವರು ಮುಖ ತಿರುಗಿಸಿದ. ತಪ್ಪು ದೇವರದಾಗಿರಲಿಲ್ಲ. ವಿಷ ಸವರಿದ ಆಯುಧ ಬಳಸಿದರೂ ಸಮುರಾಯ್‌ಗೆ ಕಳಂಕವೇ.

ಗಣಿಯೊಳಗಿನ ಪೇಟೆಯಲ್ಲಿ ಸಾಮಾನ್ಯವಾಗಿ ಗುಡಿ, ಅಂಗಡಿಗಳು ಇರುತ್ತವೆ. ಗುಡಿಯ ಪೂಜಾರಿಗೆ ನಿಮ್ಮ ಅನುಭವದ ಲೆವೆಲ್ ಗುಣಿಸು 400 ಚಿನ್ನ ಕೊಟ್ಟರೆ ರಕ್ಷಣಾಂಕ ಒಂದು ಇಳಿಯುವ ಅವಕಾಶವಿದೆ. ಲೆವೆಲ್ ಏರಿದಷ್ಟೂ ದರ ಏರುತ್ತದೆ, ಆದ್ದರಿಂದ ಬೇಗ ಹೋದವರಿಗೆ ಲಾಭ. ಬಲಿಪೀಠದ ಮೇಲೆ ನಿಮ್ಮ ವಸ್ತುಗಳನ್ನು ಇಳಿಸಿ ನೋಡಿ: ಕಪ್ಪು ಮಿಂಚು ಶಾಪಗ್ರಸ್ತ, ಹೊಂಬಣ್ಣದ ಮಿಂಚು ಪುನೀತ, ಮಿಂಚಿಲ್ಲದಿದ್ದರೆ ಎರಡೂ ಅಲ್ಲ. ಗೊತ್ತಿಲ್ಲದ ಕವಚವನ್ನು ಹೀಗೆ ನೋಡದೆ ತೊಡಬಾರದು.

ದೀಪದಂಗಡಿ ಇದ್ದರೆ ಮೇಣದ ಬತ್ತಿಗಳನ್ನು ಈಗಲೇ ಕೊಳ್ಳಿ. ಕೊನೆಯಲ್ಲಿ ಏಳು ಬೇಕೇ ಬೇಕು. ಅಂಗಡಿಯ ಇಜ್ಚಾಕ್, ಆಟ ಕಟ್ಟಿದ ಮೊದಲ ತಂಡದಲ್ಲಿದ್ದ ಇಜ್ಚಾಕ್ ಮಿಲ್ಲರ್ ಅವರ ನೆನಪಿಗೆ ಇಟ್ಟ ಹೆಸರು. ಅವನೊಂದಿಗೆ ಜಗಳ ಬೇಡ.

ಗುರುತಿಸುವ ಕೆಲಸ

ಕಂಡ ಮಂತ್ರದಂಡವನ್ನೆಲ್ಲ ಶತ್ರುವಿನ ಮೇಲೆ ಪ್ರಯೋಗಿಸಿ ನೋಡುವುದು ದುಂದು. ಮೊದಲು ಬೆರಳಿನಿಂದ ನೆಲದ ಧೂಳಿನಲ್ಲಿ ಏನಾದರೂ ಒಂದಕ್ಷರ ಬರೆಯಿರಿ, ಆಮೇಲೆ ಅದೇ ಜಾಗದಲ್ಲಿ ದಂಡದಿಂದ ಬರೆಯಲು ಹೋಗಿ. ನೆಲ ಕೊರೆದರೆ ಅದು ಅಗೆಯುವ ದಂಡ, ಸುಟ್ಟರೆ ಬೆಂಕಿಯದು, ಹಳೆಯ ಅಕ್ಷರ ಮಾಯವಾದರೆ ಬೇರೆಡೆಗೆ ಕಳಿಸುವ ದಂಡ ಇರಬಹುದು. ಅಗೆಯುವ ದಂಡ ಸಿಕ್ಕರೆ ಅದನ್ನು ಮುಖ್ಯವಾಗಿ ತಪ್ಪಿಸಿಕೊಳ್ಳಲು ಕಾದಿಡಿ. ಅತ್ತ ದರಿ ಇತ್ತ ಪುಲಿ ಎನ್ನುವಂತಾದಾಗ ಕೆಳಮುಖವಾಗಿ ಪ್ರಯೋಗಿಸಿದರೆ ನೆಲಕ್ಕೆ ತೂತು ಬಿದ್ದು ಒಂದೇ ಸರದಿಯಲ್ಲಿ ಕೆಳಗಿನ ಅಂತಸ್ತಿಗೆ ಜಾರುತ್ತೀರಿ.

ಒರಾಕಲ್ ಎಂಬ ಭವಿಷ್ಯ ಹೇಳುವವಳು ಇರುವ ಅಂತಸ್ತಿನ ಹತ್ತಿರದಲ್ಲೇ ಮೇಲಕ್ಕೆ ಹೋಗುವ ಎರಡನೇ ಮೆಟ್ಟಿಲೊಂದು ಸಿಗುತ್ತದೆ. ಅದು ಸೋಕೋಬಾನ್, ಬಂಡೆ ತಳ್ಳುವ ನಾಲ್ಕು ಒಗಟುಗಳು. ಬೇಸರದ ಕೆಲಸವೇ, ಆದರೂ ಬಿಡಬೇಡಿ. ಕೊನೆಯಲ್ಲಿ ಹೆಚ್ಚು ಹೊರಬಲ್ಲ ಮಾಯಾಚೀಲ ಅಥವಾ ಪ್ರತಿಫಲನದ ತಾಯಿತ, ಎರಡರಲ್ಲೊಂದು ಖಚಿತ. ಬಂಡೆ ಒಡೆದು ಮೋಸ ಮಾಡಿದರೆ ಅದೃಷ್ಟ ಕುಸಿಯುತ್ತದೆ.

ಕತ್ತಿ ಯಾವುದು?

ಧರ್ಮಮಾರ್ಗಿಯಾದ್ದರಿಂದ ನಿಮಗೆ ಎಕ್ಸ್‌ಕ್ಯಾಲಿಬರ್ ಪಡೆಯುವ ಹಕ್ಕಿದೆ. ಅನುಭವದ ಲೆವೆಲ್ ಕನಿಷ್ಠ 5 ಆಗಿರಬೇಕು, ಕೈಯಲ್ಲಿ ಉದ್ದ ಕತ್ತಿ ಇರಬೇಕು, ಅದನ್ನು ಕಾರಂಜಿಯಲ್ಲಿ ಅದ್ದಬೇಕು. ಪ್ರತಿ ಅದ್ದುವಿಕೆಗೆ ಆರರಲ್ಲಿ ಒಂದು ಅವಕಾಶ. ಕಟಾನಾ ಅದ್ದಿದರೆ ಏನೂ ಆಗುವುದಿಲ್ಲ, ಅದಕ್ಕೆ ತುಕ್ಕು ಹಿಡಿಯುತ್ತದೆ ಅಷ್ಟೇ. ಆದರೆ ಕಟಾನಾ ಮತ್ತು ಉದ್ದ ಕತ್ತಿ ಎರಡಕ್ಕೂ ಒಂದೇ ಕೌಶಲ, ಹಾಗಾಗಿ ಈವರೆಗೆ ಕಲಿತದ್ದು ವ್ಯರ್ಥವಾಗುವುದಿಲ್ಲ. ಕಾರಂಜಿಯಿಂದ ಹಾವು, ಅಪ್ಸರೆ, ಕೆಲವೊಮ್ಮೆ ಜಲರಾಕ್ಷಸ ಏಳಬಹುದು. ಅಪ್ಸರೆ ಕಂಡರೆ ಕತ್ತಿಯನ್ನೇ ಕದ್ದೊಯ್ಯುತ್ತಾಳೆ, ಬಾಣದಿಂದಲೇ ಮಾತಾಡಿಸಿ. ಗಣಿ ಪೇಟೆಯ ಕಾರಂಜಿಯಲ್ಲಿ ಈ ಪ್ರಯೋಗ ಮಾಡಿದರೆ ಕಾವಲುಗಾರರು ಮೈಮೇಲೆ ಬರುತ್ತಾರೆ, ಬೇರೆ ಅಂತಸ್ತಿನ ಕಾರಂಜಿ ಹುಡುಕಿ.

ಇನ್ನೊಂದು ದಾರಿ ಧರ್ಮಮಾರ್ಗಿ ಬಲಿಪೀಠದಲ್ಲಿ ತಾಜಾ ಶವಗಳನ್ನು ಅರ್ಪಿಸುವುದು. ದೇವರು ಮೆಚ್ಚಿ ಸಮುರಾಯ್‌ಗೆ ಕೊಡುವ ಮೊದಲ ಉಡುಗೊರೆ ಸ್ನಿಕರ್ಸ್ನೀ ಎಂಬ ಕಟಾನಾ. ಹೆಸರು ಹಾಸ್ಯಾಸ್ಪದವಾದರೂ ಕತ್ತಿ ಒಳ್ಳೆಯದು. ನನ್ನ ಆಯ್ಕೆ ಎಕ್ಸ್‌ಕ್ಯಾಲಿಬರ್. ಗುರಿಯೂ ಏಟೂ ಎರಡೂ ಹೆಚ್ಚುತ್ತವೆ, ಮೇಲಾಗಿ ಲೆವೆಲ್ ಹೀರುವ ಪಿಶಾಚಿಗಳಿಂದ ರಕ್ಷಣೆ. ಕೆಳಗಿನ ಲೋಕಗಳಲ್ಲಿ ಆ ರಕ್ಷಣೆಯ ಬೆಲೆ ಗೊತ್ತಾಗುತ್ತದೆ.

ಸಮುರಾಯ್‌ಗಳ ನಿಜವಾದ ಗೋಡೆ

ಹತ್ತನೇ ಅಂತಸ್ತಿನಿಂದ ಕೆಳಗೆ ಕತ್ತಿ ಮಾತ್ರ ಸಾಲುವುದಿಲ್ಲ. ಎರಡು ರಕ್ಷೆಗಳು ಬೇಕು: ಕಿರಣಗಳನ್ನು ತಿರುಗಿಸುವ ಪ್ರತಿಫಲನ, ಮತ್ತು ಮಂತ್ರನಿರೋಧ. ಪ್ರತಿಫಲನ ಸೋಕೋಬಾನ್‌ನಲ್ಲಿ ಸಿಗಬಹುದು, ಇಲ್ಲವೇ ಬೆಳ್ಳಿ ಡ್ರ್ಯಾಗನ್ನಿನ ಚರ್ಮದಿಂದ. ಮಂತ್ರನಿರೋಧ ಬೂದು ಡ್ರ್ಯಾಗನ್ ಕವಚದಿಂದ ಅಥವಾ ಅದೇ ಗುಣದ ನಿಲುವಂಗಿಯಿಂದ. ಕೆಲವು ಪಾತ್ರಗಳಿಗೆ ಅವರ ಸ್ವಂತ ಸಾಹಸದ ಕೊನೆಯಲ್ಲಿ ಸಿಗುವ ವಸ್ತುವೇ ಮಂತ್ರನಿರೋಧ ಕೊಡುತ್ತದೆ. ಸಮುರಾಯ್‌ಗೆ ಸಿಗುವ ಮುರಾಮಾಸಾದ ತ್ಸುರುಗಿ ಕೊಡುವುದಿಲ್ಲ. ಅದು ಎರಡು ಕೈಯ ಕತ್ತಿ, ಕೆಲವೊಮ್ಮೆ ಶತ್ರುವನ್ನು ಎರಡು ಹೋಳು ಮಾಡುತ್ತದೆ, ಆದರೆ ಮರಣಸ್ಪರ್ಶದ ಮಂತ್ರದಿಂದ ನಿಮ್ಮನ್ನು ಕಾಪಾಡುವುದಿಲ್ಲ. ನನ್ನ ಅತ್ಯುತ್ತಮ ಸಮುರಾಯ್ ಸತ್ತದ್ದು ಹೀಗೆ. ಕೈಯಲ್ಲಿ ಎಕ್ಸ್‌ಕ್ಯಾಲಿಬರ್, ಜೀವಾಂಶ ತುಂಬಿ ತುಳುಕುತ್ತಿತ್ತು, ಮಾಂತ್ರಿಕ ಬೆರಳು ಚಾಚಿದ, ಒಂದೇ ಸಾಲು ಬಂತು, ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಸಾಹಸಕ್ಕೆ ಒಳಗೆ ಬಿಡಲು ಅನುಭವದ ಲೆವೆಲ್ 14 ಆಗಿರಬೇಕು. ಅದರ ಮಾಯಾದ್ವಾರ 11ರಿಂದ 16ನೇ ಅಂತಸ್ತಿನ ನಡುವೆ ಇರುತ್ತದೆ. ಸಾಟೋ ಒಡೆಯ ಕಳಿಸುತ್ತಾನೆ, ಎದುರಾಳಿ ಅಶಿಕಾಗಾ ತಕೌಜಿ. ಈ ಹೆಸರು ಇತಿಹಾಸದಿಂದಲೇ ಬಂದದ್ದು, 1338ರಲ್ಲಿ ಶೋಗನ್ ಆದವನು. ಅವನನ್ನು ಕೊಂದರೆ ಗಂಟೆ ಸಿಗುತ್ತದೆ, ಅದಿಲ್ಲದೆ ಆಟ ಮುಗಿಯದು. ಶಾಂತಜೀವಿಗಳನ್ನು ಕೊಂದು ಹೆಸರು ಕೆಡಿಸಿಕೊಂಡವರನ್ನು ಸಾಟೋ ವಾಪಸು ಕಳಿಸುತ್ತಾನೆ.

21ರಿಂದ 24ರ ನಡುವಿನ ಒಂದು ಅಂತಸ್ತಿನಲ್ಲಿ ನೋಟದಿಂದಲೇ ಕಲ್ಲಾಗಿಸುವ ಮೆಡೂಸಾ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಥವಾ ಪ್ರತಿಫಲನದೊಂದಿಗೆ ಹೋಗಿ. ಪ್ರತಿಫಲನ ಇದ್ದರೆ ಅವಳ ನೋಟ ಅವಳನ್ನೇ ಕೊಲ್ಲುತ್ತದೆ. ನೀರು ದಾಟಲು ತೇಲುವ ಉಪಾಯವೊಂದು ಮೊದಲೇ ಇರಲಿ.

ಅದರ ಕೆಳಗೆ ಕೋಟೆ. ಇದೊಂದು ಅಂತಸ್ತು ಬಿಲ್ಲುಗಾರನಿಗೆಂದೇ ಕಟ್ಟಿದಂತಿದೆ. ಕಂದಕದ ಆಚೆ ಸೇತುವೆ, ಒಳಗೆ ಸೈನಿಕರ ದಂಡು. ಸೇತುವೆ ಇಳಿಸಿ, ಅದರ ನೇರಕ್ಕೆ ದೂರದಲ್ಲಿ ನಿಂತು, ಒಬ್ಬೊಬ್ಬರಾಗಿ ಬರುವವರ ಮೇಲೆ ಬಾಣ ಸುರಿಸಿ. ನೀರಿಗೆ ತಾಗಿದ ಚೌಕದಲ್ಲಿ ಮಾತ್ರ ನಿಲ್ಲಬೇಡಿ. ಕಂದಕದ ದೈತ್ಯ ಹಾವುಮೀನು ಸುತ್ತಿಕೊಂಡು ಮುಳುಗಿಸಿದರೆ ಎಷ್ಟು ಜೀವಾಂಶ ಇದ್ದರೂ ಒಂದೇ. ನಾಲ್ಕು ಮೂಲೆ ಗೋಪುರಗಳಲ್ಲಿ ಒಂದರಲ್ಲಿ ವರ ಕೊಡುವ ಮಂತ್ರದಂಡವಿದೆ. ಮಂತ್ರನಿರೋಧ ಇನ್ನೂ ಇಲ್ಲವಾದರೆ ಮೊದಲ ವರ ಪುನೀತವಾದ +2 ಬೂದು ಡ್ರ್ಯಾಗನ್ ಕವಚ. +3 ಕೇಳುವ ದುರಾಸೆ ಬೇಡ, ಸಿಗದೆ ಹೋಗುವ ಸಾಧ್ಯತೆಯಿದೆ. ಸ್ಪ್ಲಿಂಟ್ ಕವಚವನ್ನು ಕಳಚಿಟ್ಟಾಗ 400 ತೂಕ ಇಳಿದು 40 ಏರುತ್ತದೆ; ಹೆಗಲು ಹಗುರಾಗುವುದು ಪರದೆಯ ಈಚೆಗೂ ತಿಳಿಯುತ್ತದೆ.

ಪುನೀತವಾದ ವಂಶನಾಶದ ಸುರುಳಿ ಸಿಕ್ಕರೆ ಮೊದಲು ದೊಡ್ಡ ಎಲ್ ಅಕ್ಷರದ ಲಿಚ್‌ಗಳು, ಅಂದರೆ ಸತ್ತೂ ಸಾಯದ ಮಾಂತ್ರಿಕರು. ಎರಡನೆಯದು ಸಿಕ್ಕರೆ ಸಣ್ಣ ಎಚ್ ಅಕ್ಷರ, ಮಿದುಳು ಹೀರುವವರು ಆ ಗುಂಪಿನಲ್ಲಿದ್ದಾರೆ. ಡ್ವಾರ್ಫ್ ಜಾತಿಯ ಆಟಗಾರರು ಇದನ್ನು ಬರೆದರೆ ತಾವೇ ಸಾಯುತ್ತಾರೆ. ಸಮುರಾಯ್ ಮನುಷ್ಯನೇ ಆದ್ದರಿಂದ ನಿಮಗೆ ಆ ಭಯವಿಲ್ಲ.

ಪಾತಾಳ, ಮತ್ತೆ ಮೇಲಕ್ಕೆ

ಕೋಟೆಯಿಂದ ಕೆಳಕ್ಕೆ ಮೆಟ್ಟಿಲಿಲ್ಲ, ಪೂರ್ವ ತುದಿಯ ಬಲೆಬಾಗಿಲುಗಳಿಂದಲೇ ಇಳಿಯಬೇಕು. ಅಲ್ಲಿಂದ ಮುಂದೆ ಪ್ರಾರ್ಥನೆ ನಡೆಯುವುದಿಲ್ಲ. ಪಕ್ಕದ ಕಾಗದ ಮಡಚಿಡಿ. ಪಾತಾಳದ ಜಟಿಲ ಓಣಿಗಳ ಬಗ್ಗೆ ಹೇಳಲು ಹೆಚ್ಚಿಲ್ಲ: ಪಿಕಾಸಿಯಿಂದ ಅಗೆದು ಇಳಿಯಿರಿ, ನೋಡಲು ಅಲ್ಲಿ ಏನೂ ಇಲ್ಲ. ವ್ಲಾಡ್‌ನ ಗೋಪುರದಿಂದ ದೀಪಸ್ತಂಭ, ಯೆಂಡೋರ್‌ನ ಮಾಂತ್ರಿಕನಿಂದ ಪುಸ್ತಕ. ಅತಿ ಕೆಳಗಿನ ಜಟಿಲದಲ್ಲಿ ಒಂದು ಚೌಕ ಕಾಲ ಕೆಳಗೆ ಕಂಪಿಸುತ್ತದೆ. ಅಲ್ಲಿ ನಿಂತು ಏಳು ಬತ್ತಿ ಸಿಕ್ಕಿಸಿದ ದೀಪಸ್ತಂಭ ಹಚ್ಚಿ, ಗಂಟೆ ಬಾರಿಸಿ, ಪುಸ್ತಕ ಓದಿ. ಮೂರರಲ್ಲಿ ಯಾವುದೂ ಶಾಪಗ್ರಸ್ತವಾಗಿರಬಾರದು. ನೆಲ ಬಾಯ್ತೆರೆದು ಮೆಟ್ಟಿಲು ಕಾಣುತ್ತದೆ. ಕೆಳಗೆ ಮೋಲೋಕ್‌ನ ಮಹಾಪೂಜಾರಿಯ ಬಳಿ ತಾಯಿತ.

ಮೇಲೇರುವುದು ಸುಲಭ ಎಂದುಕೊಂಡಿದ್ದೆ. ತಾಯಿತ ಹೊತ್ತವನು ಪಾತಾಳದಲ್ಲಿ ಮೆಟ್ಟಿಲು ಏರುವಾಗ ಒಂದು ನಿಗೂಢ ಶಕ್ತಿ ಆಗಾಗ ಹಿಂದಕ್ಕೆಳೆದು ಕೆಳಗಿನ ಅಂತಸ್ತಿಗೆ ಬೀಳಿಸುತ್ತದೆ. ಧರ್ಮಮಾರ್ಗಿಗಳಿಗೆ ಅದರ ಕಾಟ ಉಳಿದವರಿಗಿಂತ ಜಾಸ್ತಿ, ಒಂದೇ ಸಲಕ್ಕೆ ಮೂರು ಅಂತಸ್ತಿನವರೆಗೂ ತಳ್ಳಬಹುದು. ನಾನು ಒಂದೇ ಮೆಟ್ಟಿಲನ್ನು ಆರು ಸಲ ಹತ್ತಿದ್ದೇನೆ. ಸತ್ತ ಮಾಂತ್ರಿಕ ಮತ್ತೆ ಮತ್ತೆ ಎದ್ದು ಬರುತ್ತಿರುತ್ತಾನೆ. ತಾಳ್ಮೆ ಕೆಟ್ಟು ಜೀವಾಂಶ ಅರ್ಧವಿರುವಾಗ ಮೆಟ್ಟಿಲು ತುಳಿಯಬೇಡಿ. ಆಯುಧಕ್ಕಿಂತ ಇಲ್ಲಿ ನನ್ನನ್ನು ಕಾಪಾಡಿದ್ದು ಕುರ್ಚಿಯಿಂದ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದದ್ದು.

ಮೊದಲ ಅಂತಸ್ತಿನಿಂದ ಮೇಲಕ್ಕೆ ಹೋದರೆ ಭೂಮಿ, ಗಾಳಿ, ಬೆಂಕಿ, ನೀರು ಎಂಬ ನಾಲ್ಕು ಲೋಕಗಳು, ಪ್ರತಿಯೊಂದರಲ್ಲೂ ಅಡಗಿದ ಒಂದು ಮಾಯಾದ್ವಾರ. ತಾಯಿತವನ್ನು ಕೊರಳಿಗೆ ಕಟ್ಟಿಕೊಂಡರೆ ದ್ವಾರ ಹತ್ತಿರವಾದಂತೆ ಅದು ಆಗಾಗ ಬಿಸಿಯಾಗುತ್ತದೆ. ಇನ್ನೂ ಖಚಿತ ಉಪಾಯ ಬೇಕಾದರೆ ಚಿನ್ನ ಹುಡುಕುವ ಸುರುಳಿಗಳನ್ನು ಜೋಪಾನವಾಗಿ ತನ್ನಿ. ಬುದ್ಧಿ ಭ್ರಮಿಸಿದ ಸ್ಥಿತಿಯಲ್ಲಿ ಓದಿದರೆ ಚಿನ್ನದ ಬದಲು ಬಲೆಗಳನ್ನೂ ದ್ವಾರವನ್ನೂ ತೋರಿಸುತ್ತವೆ. ಸುರುಳಿಗಳನ್ನು ಚೀಲದೊಳಗೆ ಇಡಿ, ಬೆಂಕಿಯ ಲೋಕದಲ್ಲಿ ಹೊರಗಿದ್ದದ್ದು ಸುಟ್ಟುಹೋಗುತ್ತದೆ.

ಕೊನೆಯ ಲೋಕದಲ್ಲಿ ಮೂರು ಗುಡಿಗಳು: ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ನಿಮ್ಮ ದೇವರು ಅಮಟೆರಾಸು ಓಮಿಕಾಮಿ. ಅವಳ ಪೀಠ ಯಾವುದೆಂದು ಹತ್ತಿರ ಹೋಗುವ ತನಕ ತಿಳಿಯುವುದಿಲ್ಲ. ಸಾವು, ಕ್ಷಾಮ, ಮಹಾಮಾರಿ ಎಂಬ ಮೂವರು ಸವಾರರು ದಾರಿಯಲ್ಲಿರುತ್ತಾರೆ. ಕೊಂದರೂ ಮತ್ತೆ ಏಳುತ್ತಾರೆ, ಕೊಂದು ಮುಂದೆ ನಡೆಯಿರಿ. ರೈಜಿನ್ ಅಥವಾ ಸುಸನೋವೋ ಪೀಠದಲ್ಲಿ ಅರ್ಪಿಸಿದರೆ ಇಷ್ಟೆಲ್ಲ ಮಾಡಿಯೂ ಗೆಲುವಿಲ್ಲ.

ನಾನು ಮೊದಲು ಎಡಕ್ಕೆ ಹೋದೆ. ಸುಸನೋವೋ. ಬಂದ ದಾರಿಯಲ್ಲೇ ಮರಳಿ, ದೇವದೂತರ ಗುಂಪನ್ನು ಸೀಳಿಕೊಂಡು ನಡುವಿನ ಗುಡಿ ತಲುಪುವಾಗ ಜೀವಾಂಶ ಮೂರನೇ ಒಂದು ಭಾಗ ಉಳಿದಿತ್ತು. ಬಾಗಿಲಲ್ಲಿ ನಿಂತು ಯುಮಿ ಹಿಡಿದು ಉಳಿದಿದ್ದ ಒಂಬತ್ತು ಯಾಗಳನ್ನೂ ಬಿಟ್ಟೆ. ಎಕ್ಸ್ ಒತ್ತಿದೆ, ಕತ್ತಿ ಕೈಗೆ ಬಂತು. ಪೂಜಾರಿಯ ಪಕ್ಕಕ್ಕೆ ಬಂದು ನೋಡಿದರೆ ಅಮಟೆರಾಸು. ಪೀಠದ ಮೇಲೆ ನಿಂತು ಅರ್ಪಿಸುವ ಆದೇಶವನ್ನು ಬೆರಳಚ್ಚಿಸುವಾಗ ಕೈ ನಡುಗಿ ಎರಡು ಸಲ ಅಕ್ಷರ ತಪ್ಪಿತು.